ಒಂಬತ್ತು ವರ್ಷದ ಮಗುವಿಗೆ ಟಿ-ಸ್ಕೋರ್ ಬೇಡ

ಮಕ್ಕಳ ಎಲುಬಿನ ವರದಿಯಲ್ಲಿ ಟಿ-ಸ್ಕೋರ್, ಅಂದರೆ ಯುವ ವಯಸ್ಕರ ಎಲುಬಿಗೆ ಹೋಲಿಸಿದ ಅಂಕಿ, ಇರಬಾರದು. ಮುಂದಿನದನ್ನು ಓದಲು ಸಮಯವಿಲ್ಲದ ತಂದೆತಾಯಿಗಳಿಗೂ ಈ ಒಂದು ಮಾತು ತಲುಪಲಿ ಎಂದು ಮೊದಲ ಸಾಲಿನಲ್ಲಿಯೇ ಬರೆದಿದ್ದೇನೆ.

ನಾನು ಪುಣೆಯ ಒಂದು ಆಸ್ಪತ್ರೆಯಲ್ಲಿ ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರ ನಡೆಸುವ ತಂತ್ರಜ್ಞೆ. ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ, ಮದುವೆಯಾಗಿ ಬಂದದ್ದು ಇಲ್ಲಿಗೆ. ಸೊಲ್ಲಾಪುರ, ಅಕ್ಕಲಕೋಟೆ, ಇಂಡಿ, ಆಳಂದ ಕಡೆಯ ಜನಕ್ಕೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ದೊಡ್ಡ ಕಾಯಿಲೆ ಎಂದರೆ ಅವರು ರೈಲು ಹತ್ತುವುದು ಈ ದಿಕ್ಕಿಗೆ. ಚೀಟಿಯ ಮೇಲೆ ಊರ ಹೆಸರು ಕಂಡೊಡನೆ ನಾನು ಕನ್ನಡಕ್ಕೆ ಹೊರಳುತ್ತೇನೆ. ಅಲ್ಲಿಯವರೆಗೆ ಮರಾಠಿಯಲ್ಲಿ ತಲೆಯಾಡಿಸುತ್ತಿದ್ದವರು ಆಗ ಕುರ್ಚಿ ಎಳೆದು ಕುಳಿತು ನಿಜವಾದ ವಿಷಯ ಹೇಳಲು ತೊಡಗುತ್ತಾರೆ. ಎಲುಬಿನ ಪರೀಕ್ಷೆಯಲ್ಲಿ ಆ ಮಾತುಕತೆಗೆ ಯಂತ್ರದಷ್ಟೇ ಬೆಲೆ ಇದೆ ಎಂಬುದು ನನ್ನ ದೃಢವಾದ ನಂಬಿಕೆ. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮುಟ್ಟು ನಿಂತ ಹೆಂಗಸರು, ವಯಸ್ಸಾದ ಗಂಡಸರು. ಅವರ ವರದಿ ಓದುವುದು ಕಷ್ಟವಲ್ಲ. ನಾನು ಬರೆಯಹೊರಟಿರುವುದು ನಡುನಡುವೆ ಬರುವ ಬೇರೆಯವರ ಬಗ್ಗೆ: ಜೀವಕೋಶಗಳಲ್ಲಿ ಕೊಬ್ಬು ತುಂಬಿಕೊಳ್ಳುವ ಗೋಷೆ ಕಾಯಿಲೆಯ ಮಕ್ಕಳು, ಮೂತ್ರದಲ್ಲಿ ರಂಜಕ ಸೋರಿಹೋಗುವ ಮನೆತನದವರು, ಯಾವುದೋ ಒಂದು ಕಿಣ್ವದ ಕೊರತೆಯಿಂದ ಹುಟ್ಟಿದಂದಿನಿಂದ ಆಸ್ಪತ್ರೆ ಸುತ್ತುವವರು. ಹೇಳುವ ಸಂಗತಿಗಳಲ್ಲಿ ಊರು, ವಯಸ್ಸುಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.

ಇಂಡಿ ತಾಲ್ಲೂಕಿನ ಒಂದು ಹಳ್ಳಿಯಿಂದ ಲಿಂಬೆ ತೋಟದ ರೈತರೊಬ್ಬರು ಒಂಬತ್ತು ವರ್ಷದ ಮಗಳನ್ನು ಕರೆತಂದಿದ್ದರು. ಗೋಷೆ ಕಾಯಿಲೆ. ಹೊಟ್ಟೆಯ ಎಡಭಾಗದಲ್ಲಿ ಗುಲ್ಮ (ಸ್ಪ್ಲೀನ್) ದೊಡ್ಡದಾಗಿ ಊದಿಕೊಂಡಿತ್ತು. ಎತ್ತರ ನೋಡಿದರೆ ಆರು ವರ್ಷದ ಮಗು ಎನ್ನಬೇಕು. ಬೇರೆ ಊರಿನ ಒಂದು ಕೇಂದ್ರದಲ್ಲಿ ಮೊದಲೇ ಡೆಕ್ಸಾ ಮಾಡಿಸಿದ್ದರು. ಆ ವರದಿಯಲ್ಲಿ ಟಿ-ಸ್ಕೋರ್ ಮೈನಸ್ 5.6 ಎಂದಿತ್ತು, ಅದರ ಕೆಳಗೆ ಕೆಂಪು ಅಕ್ಷರದಲ್ಲಿ ‘ತೀವ್ರ ಆಸ್ಟಿಯೊಪೊರೋಸಿಸ್’, ಎಂದರೆ ಎಲುಬು ಬಹಳ ಟೊಳ್ಳಾಗಿದೆ ಎಂದು. ಅದನ್ನು ಓದಿದವರು ಯಾರೋ ಹೇಳಿದ್ದರಂತೆ, ಮಗುವನ್ನು ಓಡಲು ಬಿಡಬೇಡಿ, ಎಲುಬು ಪುಡಿಯಾದೀತು ಎಂದು. ಶಾಲೆಯ ಆಟದ ಅವಧಿಯಲ್ಲಿ ಅವಳು ತರಗತಿಯೊಳಗೇ ಕೂರುತ್ತಿದ್ದಳು. ಮನೆಯಲ್ಲಿ ಅಜ್ಜಿ ಅಂಗಳಕ್ಕೂ ಇಳಿಯಗೊಡುತ್ತಿರಲಿಲ್ಲ. ಬೆಳೆಯುವ ಎಲುಬು ಗಟ್ಟಿಯಾಗಲು ಓಟ, ಜಿಗಿತಗಳ ಭಾರ ಬೇಕೇ ಬೇಕು. ಒಂದು ತಪ್ಪು ಅಂಕಿ ಅದನ್ನೇ ಕಿತ್ತುಕೊಂಡಿತ್ತು. ಆ ಕಾಗದ ಓದುವಾಗ ನನಗೆ ಬಂದ ಸಿಟ್ಟು ಈಗಲೂ ಇದೆ.

ಟಿ-ಸ್ಕೋರ್ ಎಂದರೆ ನಿಮ್ಮ ಎಲುಬಿನ ಸಾಂದ್ರತೆಯನ್ನು ಆರೋಗ್ಯವಂತ ಯುವ ವಯಸ್ಕರ ಸಾಂದ್ರತೆಯ ಜೊತೆ ಹೋಲಿಸಿ ಹಾಕಿದ ಲೆಕ್ಕ. ಮೈನಸ್ 2.5 ಮತ್ತು ಅದಕ್ಕಿಂತ ಕೆಳಗಿನದು ಆಸ್ಟಿಯೊಪೊರೋಸಿಸ್ ಎಂಬ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಎಳೆದದ್ದು 1994ರಲ್ಲಿ, ಮುಟ್ಟು ನಿಂತ ಬಿಳಿಯ ಹೆಂಗಸರ ಮಾಹಿತಿಯನ್ನು ಮುಂದಿಟ್ಟುಕೊಂಡು. ಒಂಬತ್ತರ ಮಗುವಿನ ಎಲುಬು ಇನ್ನೂ ತುಂಬಿಕೊಳ್ಳುತ್ತಿರುತ್ತದೆ. ಯಾವ ಕಾಯಿಲೆಯೂ ಇಲ್ಲದ ಮಗುವನ್ನು ಮಲಗಿಸಿ ಅಳೆದರೂ ಈ ಲೆಕ್ಕದಲ್ಲಿ ಅಂಕಿ ಆ ಗೆರೆಗಿಂತ ಬಹಳ ಕೆಳಗೆ ಬೀಳುತ್ತದೆ. ಮಕ್ಕಳಿಗೆ ನೋಡಬೇಕಾದದ್ದು ಅದೇ ವಯಸ್ಸಿನ, ಅದೇ ಲಿಂಗದ ಮಕ್ಕಳ ಜೊತೆ ಹೋಲಿಸುವ ಜೆಡ್-ಸ್ಕೋರ್. ಅಳೆಯಬೇಕಾದ ಜಾಗಗಳೂ ಬೇರೆ: ಟೊಂಕದ ಬೆನ್ನೆಲುಬು ಮತ್ತು ತಲೆಯನ್ನು ಬಿಟ್ಟು ಇಡೀ ದೇಹ. ಬೆಳೆಯುವ ಮಗುವಿನ ಸೊಂಟದ ಕೀಲು ತಿಂಗಳಿಂದ ತಿಂಗಳಿಗೆ ಆಕಾರ ಬದಲಿಸುವುದರಿಂದ ಅಲ್ಲಿಯ ಅಂಕಿಯನ್ನು ನಂಬುವಂತಿಲ್ಲ.

ಆದರೆ ಈ ಮಗುವಿಗೆ ಜೆಡ್-ಸ್ಕೋರ್ ಕೂಡ ಸಾಲದು. ನಮ್ಮ ಯಂತ್ರದಲ್ಲಿ ಅವಳದು ಮೈನಸ್ 2.6 ಬಂತು. ಮೈನಸ್ 2 ಅಥವಾ ಅದಕ್ಕಿಂತ ಕೆಳಗಿದ್ದರೆ ವಯಸ್ಸಿಗೆ ನಿರೀಕ್ಷಿಸಿದ್ದಕ್ಕಿಂತ ಕಡಿಮೆ ಎಂದು ಬರೆಯಬೇಕಾಗುತ್ತದೆ. ತೊಡಕು ಇರುವುದು ಯಂತ್ರದ ಕಣ್ಣಿನಲ್ಲಿ. ಡೆಕ್ಸಾ ಎರಡು ಬೇರೆ ಶಕ್ತಿಯ ಎಕ್ಸ್-ರೇಗಳನ್ನು ಹಾಯಿಸಿ, ಮಾಂಸದ ಪಾಲನ್ನು ಕಳೆದು, ಉಳಿದ ಖನಿಜವನ್ನು ಲೆಕ್ಕ ಹಾಕುತ್ತದೆ. ಅದಕ್ಕೆ ಕಾಣುವುದು ಎಲುಬಿನ ಉದ್ದ ಮತ್ತು ಅಗಲ ಮಾತ್ರ, ಆಳ ಕಾಣುವುದಿಲ್ಲ. ಅದಕ್ಕೇ ಅದರ ಅಳತೆ ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂದಿರುತ್ತದೆ. ಒಂದೇ ಲೋಹದ ಎರಡು ಘನಗಳನ್ನು ತೆಗೆದುಕೊಳ್ಳಿ, ಒಂದರ ಬದಿ 1 ಸೆಂಟಿಮೀಟರ್, ಇನ್ನೊಂದರದು 2. ಚಿಕ್ಕದರ ತೂಕ 1 ಪಾಲಾದರೆ ದೊಡ್ಡದರದು 8 ಪಾಲು. ಮೇಲಿನಿಂದ ಕಾಣುವ ಹರವು 1 ಮತ್ತು 4. ಭಾಗಿಸಿ ನೋಡಿದರೆ ಚಿಕ್ಕದಕ್ಕೆ 1, ದೊಡ್ಡದಕ್ಕೆ 2. ಲೋಹ ಒಂದೇ ಆಗಿದ್ದರೂ ಚಿಕ್ಕ ಘನ ಅರ್ಧದಷ್ಟೇ ಸಾಂದ್ರ ಎಂದು ಡೆಕ್ಸಾ ಹೇಳುತ್ತದೆ. ಗಿಡ್ಡಗಿರುವ ಮಗುವಿಗೆ ಆಗುವ ಅನ್ಯಾಯ ಇದೇ. ಈ ಕಾಯಿಲೆಗಳ ಮಕ್ಕಳಲ್ಲಿ ಬಹಳಷ್ಟು ಜನ ಗಿಡ್ಡಗೇ ಇರುತ್ತಾರೆ.

ಎತ್ತರಕ್ಕೆ ಸರಿಹೊಂದಿಸಿ ಮತ್ತೆ ಲೆಕ್ಕ ಹಾಕಿದಾಗ ಅವಳ ಜೆಡ್-ಸ್ಕೋರ್ ಮೈನಸ್ 1.2ಕ್ಕೆ ಬಂದಿತು. ಹೀಗೆ ಸರಿಹೊಂದಿಸಲು ಎತ್ತರ ಸರಿಯಾಗಿ ಅಳೆದಿರಬೇಕು. ಚೀಟಿಯಲ್ಲಿ ಬರೆದುಕೊಂಡು ಬಂದ ಎತ್ತರವನ್ನು ನಾನು ಒಪ್ಪುವುದಿಲ್ಲ. ಚಪ್ಪಲಿ ಬಿಡಿಸಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ನಾನೇ ಅಳೆಯುತ್ತೇನೆ. ಹೋಲಿಕೆಗೆ ಇಟ್ಟುಕೊಳ್ಳುವ ಮಕ್ಕಳು ಯಾರು ಎಂಬುದೂ ಮುಖ್ಯ. ನಮ್ಮ ಪುಣೆಯಲ್ಲೇ, ಹೀರಾಬಾಯಿ ಕಾವಸ್‌ಜಿ ಜಹಾಂಗೀರ್ ವೈದ್ಯಕೀಯ ಸಂಶೋಧನಾ ಸಂಸ್ಥೆಯ ವೈದ್ಯರು ಭಾರತೀಯ ಮಕ್ಕಳನ್ನು ಅಳೆದು ಎಲುಬಿನ ಖನಿಜದ ಪ್ರಮಾಣಗಳನ್ನು ಪ್ರಕಟಿಸಿದ್ದಾರೆ. ಅದು ಕೈಯಳತೆಯಲ್ಲಿರುವಾಗ ನಮ್ಮ ಮಗುವನ್ನು ಅಮೆರಿಕದ ಮಕ್ಕಳ ಪಕ್ಕ ನಿಲ್ಲಿಸಿ ಕೊರತೆ ಹೇಳುವುದು ನನಗೆ ಸರಿಕಾಣುವುದಿಲ್ಲ.

ಇಲ್ಲಿಗೆ ಭಯ ಮುಗಿಯಿತೇ? ಇಲ್ಲ. ಮಕ್ಕಳಲ್ಲಿ ಆಸ್ಟಿಯೊಪೊರೋಸಿಸ್ ಎಂದು ಹೇಳಲು ಅಂಕಿಯೊಂದೇ ಸಾಕಾಗುವುದಿಲ್ಲ, ಅಂಕಿ ಚೆನ್ನಾಗಿದ್ದರೆ ಕಾಯಿಲೆ ಇಲ್ಲವೆಂದೂ ಆಗುವುದಿಲ್ಲ. ದೊಡ್ಡ ಪೆಟ್ಟಿಲ್ಲದೆ ಬೆನ್ನಿನ ಕಶೇರುಖಂಡ ಕುಸಿದಿದ್ದರೆ ಅದೇ ಸಾಕು, ಸ್ಕೋರ್ ಎಷ್ಟಿದ್ದರೂ ಸರಿ. ಇಲ್ಲವಾದರೆ ಸ್ಕೋರ್ ಮೈನಸ್ 2 ಅಥವಾ ಕೆಳಗಿರಬೇಕು, ಜೊತೆಗೆ ಹತ್ತು ವರ್ಷದೊಳಗೆ ಕೈಕಾಲಿನ ಉದ್ದ ಎಲುಬು ಎರಡು ಬಾರಿಯಾದರೂ ಮುರಿದಿರಬೇಕು, ಹತ್ತೊಂಬತ್ತರೊಳಗಾದರೆ ಮೂರು ಬಾರಿ. ಎಲುಬು ಮುರಿದ ಕತೆ ಬೇಕಾಗುವುದು ಇಲ್ಲಿಯೇ. ದಾಖಲೆಯಲ್ಲಿ ‘ಮುರಿತ ಇಲ್ಲ’ ಎಂದಿತ್ತು. ನಾನು ಕನ್ನಡದಲ್ಲಿ ಕೇಳಿದೆ, “ಅಣ್ಣಾವರೇ, ಯಾವಾಗಲಾದರೂ ಬಿದ್ದು ಕೈಗೆ ಕಟ್ಟು ಹಾಕಿಸಿದ್ದು ಇದೆಯೇ?”

“ನಾಲ್ಕು ವರ್ಷದವಳಿದ್ದಾಗ ಕಟ್ಟೆಯಿಂದ ಬಿದ್ದಿದ್ದಳು ಅಕ್ಕಾವರೇ. ನಮ್ಮ ಪಕ್ಕದ ಊರಲ್ಲಿ ಎಲುಬು ಕಟ್ಟುವವರು ಇದ್ದಾರೆ, ಅವರ ಹತ್ತಿರ ಬಿದಿರಿನ ಪಟ್ಟಿ ಕಟ್ಟಿಸಿದೆವು. ಅದನ್ನೂ ಹೇಳಬೇಕಾಗಿತ್ತೇ?”

ಹೇಳಬೇಕಾಗಿತ್ತು. ಹೇಳಲಿಲ್ಲವೆಂದು ಅವರನ್ನು ದೂರುವಂತಿಲ್ಲ, ಏಕೆಂದರೆ ಆಸ್ಪತ್ರೆಯಲ್ಲಿ ಕೇಳಿದ್ದು ಆಸ್ಪತ್ರೆಯ ಕಾಗದಗಳನ್ನು. ನಮ್ಮ ಕಡೆ ಎಷ್ಟೋ ಮುರಿತಗಳು ನಾಟಿ ವೈದ್ಯರ ಮನೆಯಲ್ಲೇ ವಾಸಿಯಾಗಿ ಮರೆತುಹೋಗಿರುತ್ತವೆ. ಹಾಗಾಗಿ ಕಟ್ಟು ಕಟ್ಟಿಸಿದ್ದು, ಎಣ್ಣೆ ತಿಕ್ಕಿಸಿದ್ದು, ತಿಂಗಳುಗಟ್ಟಲೆ ಕುಂಟಿದ್ದು ಎಲ್ಲವನ್ನೂ ಕೇಳಿ ಬರೆದುಕೊಂಡು ವೈದ್ಯರಿಗೆ ಕೊಡುತ್ತೇನೆ. ಇದು ನನ್ನ ಕೆಲಸದ ವಿವರಣೆಯಲ್ಲಿ ಇಲ್ಲ.

ಬೆನ್ನಿನ ಕುಸಿತ ಇದಕ್ಕಿಂತಲೂ ಮೌನಿ. ಮಕ್ಕಳು ಬೆನ್ನು ನೋವು ಎಂದು ಹೇಳದೆಯೂ ಕಶೇರುಖಂಡ ಚಪ್ಪಟೆಯಾಗಿರಬಹುದು. ಬದಿಯಿಂದ ತೆಗೆದ ಚಿತ್ರದಲ್ಲಿ ಅದರ ಎತ್ತರ 20 ಶೇಕಡಾ ಅಥವಾ ಹೆಚ್ಚು ತಗ್ಗಿದ್ದರೆ ಅದನ್ನು ಮುರಿತವೆಂದು ಎಣಿಸುತ್ತಾರೆ. ಆ ಚಿತ್ರವನ್ನು ಅನೇಕ ಡೆಕ್ಸಾ ಯಂತ್ರಗಳಲ್ಲೇ ಕಡಿಮೆ ವಿಕಿರಣದಲ್ಲಿ ತೆಗೆಯಬಹುದು, ಇಲ್ಲವೇ ಸಾಮಾನ್ಯ ಎಕ್ಸ್-ರೇ ಆದರೂ ಸರಿ. ಈ ಕಾಯಿಲೆಗಳವರಿಗೆ ಡೆಕ್ಸಾ ಬರೆಯುವ ವೈದ್ಯರು ಬದಿಯ ಚಿತ್ರವನ್ನೂ ಅದೇ ಚೀಟಿಯಲ್ಲಿ ಬರೆಯಲಿ ಎಂಬುದು ನನ್ನ ದೊಡ್ಡ ಆಸೆ. ಇಂಡಿಯ ಮಗುವಿನ ಬೆನ್ನು ನೆಟ್ಟಗಿತ್ತು. ವೈದ್ಯರು ಅವಳಿಗೆ ಓಡಾಡಲು ಹೇಳಿದರು. ಊದಿದ ಗುಲ್ಮಕ್ಕೆ ಪೆಟ್ಟು ಬೀಳುವಂಥ ಆಟ ಮಾತ್ರ ಬೇಡ ಎಂದರು.

ಗೋಷೆ ಕಾಯಿಲೆಯನ್ನು ಫ್ರಾನ್ಸಿನ ಫಿಲಿಪ್ ಗೋಷೆ 1882ರಲ್ಲಿ ಮೊದಲು ವಿವರಿಸಿದರು. ಜೀವಕೋಶದೊಳಗಿನ ಒಂದು ಬಗೆಯ ಕೊಬ್ಬನ್ನು ಒಡೆಯುವ ಕಿಣ್ವ ಸಾಲದೆ, ಆ ಕೊಬ್ಬು ತುಂಬಿದ ಕೋಶಗಳು ಗುಲ್ಮ, ಯಕೃತ್ತು ಮತ್ತು ಎಲುಬಿನ ಮಜ್ಜೆಯಲ್ಲಿ ಸೇರಿಕೊಳ್ಳುತ್ತವೆ. ಮಜ್ಜೆಯಲ್ಲಿ ಸೇರಿದವು ರಕ್ತ ಹರಿಯುವುದನ್ನು ತಡೆಯುತ್ತವೆ, ಎಲುಬನ್ನು ಒಳಗಿನಿಂದ ತೆಳ್ಳಗಾಗಿಸುತ್ತವೆ. ಕೊರತೆಯ ಕಿಣ್ವವನ್ನೇ ರಕ್ತನಾಳಕ್ಕೆ ಕೊಡುವ ಚಿಕಿತ್ಸೆ 1991ರಿಂದ ಇದೆ. ಎರಡು ವಾರಕ್ಕೊಮ್ಮೆ, ಜೀವನಪೂರ್ತಿ. ಬೆಲೆ ರೈತನ ಮನೆಯ ಲೆಕ್ಕಕ್ಕೆ ಸಿಗುವಂಥದ್ದಲ್ಲ. 2021ರ ರಾಷ್ಟ್ರೀಯ ವಿರಳ ಕಾಯಿಲೆ ನೀತಿಯಡಿ ಗುರುತಿಸಿದ ಕೇಂದ್ರಗಳಲ್ಲಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ನಮ್ಮ ಕಡೆಯವರಿಗೆ ಮುಂಬೈ ಪರೇಲಿನ ಕೆಇಎಂ ಆಸ್ಪತ್ರೆ ಅಂಥದ್ದೊಂದು ಕೇಂದ್ರ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಇನ್ನೊಂದು. ಜೀವನಪೂರ್ತಿಯ ಔಷಧಕ್ಕೆ ಒಂದು ಮೊತ್ತದ ಮಿತಿ ಹಾಕಿದರೆ ಅದು ಮುಗಿದ ಮೇಲೆ ಮಗುವಿನ ಗತಿ ಏನು ಎಂಬ ಪ್ರಶ್ನೆಯನ್ನು ಪ್ರತಿ ತಂದೆಯೂ ನನ್ನ ಬಳಿ ಕೇಳುತ್ತಾರೆ. ಅದು ಉತ್ತರ ಸಿಗಲೇಬೇಕಾದ ಪ್ರಶ್ನೆ.

ಸಾಂದ್ರತೆ ಮತ್ತು ಗಟ್ಟಿತನ ಒಂದೇ ಅಲ್ಲ ಎಂಬುದನ್ನು ಆ ರೈತರಿಗೆ ವಿವರಿಸಲು ನನಗೆ ಜೋಳದ ದಂಟು ಸಾಕಾಯಿತು. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಹಗುರ ಬೆಂಡು. ಎಲುಬಿನ ಕಟ್ಟಡವೂ ಹೀಗೆಯೇ. ನಾನು ಮುಗಿಸುವ ಮೊದಲೇ ಅವರು, “ಹುಳ ಕೊರೆದ ದಂಟು ಹೊಲದಲ್ಲಿ ಹಾಗೆಯೇ ನಿಂತಿರುತ್ತದೆ, ಒಂದು ಗಾಳಿಗೆ ಬಾಗಿ ಬೀಳುತ್ತದೆ” ಎಂದರು. ಒಟ್ಟು ಖನಿಜ ಎಷ್ಟಿದೆ ಎಂದು ಡೆಕ್ಸಾ ಹೇಳಬಲ್ಲದು. ಅದು ಎಲ್ಲಿದೆ, ಹೊರಸುತ್ತು ಎಷ್ಟು ದಪ್ಪ, ಒಳಗಿನ ಜಾಲ ಕಡಿದುಹೋಗಿದೆಯೇ ಎಂಬುದು ಅದಕ್ಕೆ ತಿಳಿಯದು. ಬಾಗುವ ಭಾರವನ್ನು ತಡೆಯುವುದರಲ್ಲಿ ಆಕಾರದ ಪಾತ್ರ ತುಂಬ ದೊಡ್ಡದು. ಕಂಬದಂಥ ವಸ್ತುವಿನ ತ್ರಿಜ್ಯ ಎರಡರಷ್ಟಾದರೆ ಅದು ಬಾಗದೆ ನಿಲ್ಲುವ ಶಕ್ತಿ ಹದಿನಾರರಷ್ಟಾಗುತ್ತದೆ.

ಆಕಾರ, ಆಳಗಳನ್ನು ನೋಡುವ ಯಂತ್ರಗಳೂ ಇವೆ. ಮುಂಗೈ ಮತ್ತು ಮೊಳಕಾಲಿನ ಕೆಳಗಿನ ಎಲುಬನ್ನು ಅಡ್ಡ ಸೀಳಿದಂತೆ ತೋರಿಸುವ ಪಿಕ್ಯುಸಿಟಿ, ಘನ ಸೆಂಟಿಮೀಟರಿನ ಲೆಕ್ಕದಲ್ಲಿ ನಿಜವಾದ ಸಾಂದ್ರತೆ ಕೊಡುತ್ತದೆ. ಹೊರಸುತ್ತು ಮತ್ತು ಒಳಜಾಲವನ್ನು ಬೇರೆ ಬೇರೆಯಾಗಿ ಅಳೆಯುತ್ತದೆ, ಗಿಡ್ಡ ಮಗುವಿಗೆ ಮೋಸ ಮಾಡುವುದಿಲ್ಲ. ಅದರ ಹೆಚ್ಚು ಸೂಕ್ಷ್ಮವಾದ ರೂಪ 61 ಮೈಕ್ರಾನಿನಷ್ಟು ಸಣ್ಣ ಚೂರುಗಳಲ್ಲಿ ಎಲುಬನ್ನು ಕಾಣುತ್ತದೆ. ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ಲಕ್ಷಾಂತರ ಪುಟ್ಟ ಘನಗಳಾಗಿ ಒಡೆದು, ಮೇಲಿನಿಂದ ಭಾರ ಹೇರಿದಂತೆ ಲೆಕ್ಕ ಹಾಕಿ, ಎಷ್ಟು ಭಾರಕ್ಕೆ ಮುರಿದೀತು ಎಂದು ಅಂದಾಜು ಮಾಡುತ್ತಾರೆ. ಗಟ್ಟಿತನಕ್ಕೆ ನಾವು ಇಷ್ಟು ಹತ್ತಿರ ಬಂದಿದ್ದೇವೆ ಎನ್ನುವುದೇ ನನಗೆ ರೋಮಾಂಚನ. ಆದರೆ ಅದು ಹೆಚ್ಚಾಗಿ ಸಂಶೋಧನೆಯ ಕೋಣೆಗಳಲ್ಲೇ ಉಳಿದಿದೆ. ಕಾಯಿಲೆ ವಿರಳವಾದಷ್ಟೂ ಅಳೆಯಲು ಸಿಗುವ ರೋಗಿಗಳು ಕಡಿಮೆ, ಇಂಥ ಅಂಕಿಗೆ ಇಂಥ ಅಪಾಯ ಎಂದು ಗೆರೆ ಎಳೆಯಲು ಬೇಕಾಗುವ ಮಾಹಿತಿಯೂ ಕಡಿಮೆ. ಹಿರಿಯರಿಗೆ ಮುರಿತದ ಸಾಧ್ಯತೆ ಹೇಳುವ ಫ್ರ್ಯಾಕ್ಸ್ ಲೆಕ್ಕ ಕೂಡ ಶುರುವಾಗುವುದು 40ನೇ ವಯಸ್ಸಿನಿಂದ.

ಅಂಕಿ ಕಡಿಮೆ ಬಂದು ಹೆದರಿಸುವುದು ಒಂದು ಕಡೆಯಾದರೆ, ಹೆಚ್ಚು ಬಂದು ಮೈಮರೆಸುವುದು ಇನ್ನೂ ಅಪಾಯ. ಭೋಸರಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಹೆಂಗಸು ಒಬ್ಬರು ಬಂದಿದ್ದರು, ಮೂಲ ಕಲಬುರಗಿ ಕಡೆಯವರು. ಚಿಕ್ಕಂದಿನಿಂದ ಬಿಲ್ಲಿನಂತೆ ಬಾಗಿದ ಕಾಲು, ಗಿಡ್ಡ ಮೈಕಟ್ಟು, ಈಗ ತೊಡೆಯಲ್ಲಿ ನೋವು. ಅವರ ತಂದೆಗೂ ಹೀಗೆಯೇ ಇತ್ತು, ಅಕ್ಕತಂಗಿಯರೆಲ್ಲರಿಗೂ ಇದೆ, ಅಣ್ಣತಮ್ಮಂದಿರಿಗೆ ಯಾರಿಗೂ ಇಲ್ಲ. ಎಕ್ಸ್ ವರ್ಣತಂತುವಿನ ಮೂಲಕ ತಂದೆಯಿಂದ ಹೆಣ್ಣುಮಕ್ಕಳಿಗೆಲ್ಲ ಇಳಿಯುವ, ರಂಜಕ ಸೋರುವ ಕಾಯಿಲೆಯ ಗುರುತು ಅದು. ವಿಟಮಿನ್ ಡಿ ಚುಚ್ಚುಮದ್ದು ಎಷ್ಟು ಹಾಕಿಸಿದರೂ ನೆಟ್ಟಗಾಗಿರಲಿಲ್ಲ, ಆಗುವುದೂ ಇಲ್ಲ: ಎಫ್‌ಜಿಎಫ್-23 ಎಂಬ ಹಾರ್ಮೋನು ಮಿತಿಮೀರಿ, ಮೂತ್ರಪಿಂಡ ರಂಜಕವನ್ನು ಹೊರಗೆ ಚೆಲ್ಲುತ್ತಿರುತ್ತದೆ. ಅವರ ಟೊಂಕದ ಸ್ಕೋರ್ ಪ್ಲಸ್ 1.8. ಅದನ್ನು ನೋಡಿ ಯಾರೋ ಹೇಳಿದ್ದರು, ನಿಮ್ಮ ಎಲುಬು ಬಹಳ ಚೆನ್ನಾಗಿದೆ ಎಂದು. ಎಕ್ಸ್-ರೇಯಲ್ಲಿ ತೊಡೆಯೆಲುಬಿನ ಅಂಚಿಗೆ ಬಿರುಕಿನಂಥ ಗೆರೆ ಸ್ಪಷ್ಟವಾಗಿತ್ತು. ಈ ಕಾಯಿಲೆಯಲ್ಲಿ ಎಲುಬಿನ ಹಂದರ ಬೆಳೆಯುತ್ತದೆ, ಖನಿಜ ಸರಿಯಾಗಿ ಕೂರುವುದಿಲ್ಲ. ಬೆನ್ನಿನ ಸುತ್ತಲಿನ ಕಟ್ಟುನಾರುಗಳು ಮಾತ್ರ ಸುಣ್ಣಗಟ್ಟುತ್ತವೆ, ಆ ಸುಣ್ಣವನ್ನೂ ಯಂತ್ರ ಎಲುಬಿನ ಖಾತೆಗೇ ಸೇರಿಸಿಕೊಳ್ಳುತ್ತದೆ. ಇಂಥವರಿಗೆ ರಕ್ತದ ರಂಜಕ, ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ, ಎಕ್ಸ್-ರೇ, ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರು ಎಂಬುದು ನನ್ನ ಅಂಕಿಗಿಂತ ಹೆಚ್ಚು ಹೇಳುತ್ತವೆ. ಆ ಹಾರ್ಮೋನನ್ನೇ ತಡೆಯುವ ಬುರೋಸುಮ್ಯಾಬ್ ಎಂಬ ಔಷಧ 2018ರಲ್ಲಿ ಬಂದಿದೆ. ರಂಜಕದ ಪುಡಿ, ಸಕ್ರಿಯ ವಿಟಮಿನ್ ಡಿ ಹಳೆಯ ದಾರಿ.

ಆಲ್ಕಲೈನ್ ಫಾಸ್ಫಟೇಸ್ ಎಂದಾಗ ಇನ್ನೊಂದು ನೆನಪಾಯಿತು, ಇದನ್ನು ಬಿಡಲಾರೆ. ಅದು ಹೆಚ್ಚಾದರೆ ಎಲ್ಲರೂ ಗಮನಿಸುತ್ತಾರೆ, ಕಡಿಮೆಯಾದರೆ ಯಾರೂ ತಿರುಗಿ ನೋಡುವುದಿಲ್ಲ. ಹುಟ್ಟಿನಿಂದಲೇ ಅದು ಕಡಿಮೆಯಿರುವ ಹೈಪೊಫಾಸ್ಫಟೇಸಿಯ ಎಂಬ ಕಾಯಿಲೆಯಲ್ಲಿ ಹಾಲುಹಲ್ಲು ಬೇರಿನ ಸಮೇತ ಬೇಗ ಉದುರುತ್ತದೆ, ಪಾದದ ಎಲುಬು ಮತ್ತೆ ಮತ್ತೆ ಬಿರುಕು ಬಿಡುತ್ತದೆ. ಮಕ್ಕಳಲ್ಲಿ ಈ ಕಿಣ್ವ ಸಹಜವಾಗಿಯೇ ದೊಡ್ಡವರಿಗಿಂತ ಬಹಳ ಹೆಚ್ಚಿರಬೇಕು. ವರದಿಯಲ್ಲಿ ದೊಡ್ಡವರ ಮಿತಿ ಮುದ್ರಿಸಿದ್ದರೆ ಮಗುವಿನ ಕೊರತೆ ‘ನಾರ್ಮಲ್’ ಎಂದು ಕಾಣುತ್ತದೆ. ಇವರಿಗೆ ಆಸ್ಟಿಯೊಪೊರೋಸಿಸ್ ಎಂದು ಭಾವಿಸಿ, ಎಲುಬು ಸವೆಯುವುದನ್ನು ತಡೆಯುವ ಬಿಸ್ಫಾಸ್ಫೊನೇಟ್ ಗುಳಿಗೆ ಕೊಟ್ಟರೆ ತೊಡೆಯೆಲುಬು ಮುರಿಯುವ ಅಪಾಯ ಹೆಚ್ಚಬಹುದು. ಆ ಗುಳಿಗೆ ನುಂಗುವ ಮೊದಲು ಈ ಅಂಕಿಯನ್ನು ಒಮ್ಮೆ ನೋಡಿಸಿ.

ಮರುಪರೀಕ್ಷೆಯ ಬಗ್ಗೆ. ಪ್ರತಿದಿನ ಬೆಳಿಗ್ಗೆ ರೋಗಿಗಳು ಬರುವ ಮೊದಲು, ಎಲುಬಿನ ಖನಿಜದಿಂದಲೇ ಮಾಡಿ ಎಪಾಕ್ಸಿಯಲ್ಲಿ ಕೂರಿಸಿದ ಬೆನ್ನೆಲುಬಿನ ಮಾದರಿಯನ್ನು ಅಳೆದು ಯಂತ್ರ ಹಾದಿ ತಪ್ಪಿಲ್ಲವೆಂದು ಖಚಿತಪಡಿಸಿಕೊಳ್ಳುತ್ತೇನೆ. ಕೈಯ ತಪ್ಪೂ ಇರುತ್ತದೆ. ಅದನ್ನು ತಿಳಿಯಲು ಪ್ರತಿ ತಂತ್ರಜ್ಞ 30 ಜನರನ್ನು ಎರಡೆರಡು ಬಾರಿ, ಇಲ್ಲವೇ 15 ಜನರನ್ನು ಮೂರು ಬಾರಿ ಅಳೆದು ತನ್ನ ವ್ಯತ್ಯಾಸ ಎಷ್ಟು ಎಂದು ಲೆಕ್ಕ ಹಾಕಬೇಕು. ಬೆನ್ನೆಲುಬಿಗೆ ಆ ವ್ಯತ್ಯಾಸ 1.9 ಶೇಕಡಾ ದಾಟಬಾರದು. ಅದನ್ನು 2.77ರಿಂದ ಗುಣಿಸಿದಾಗ ಬರುವ ಐದೂ ಚಿಲ್ಲರೆ ಶೇಕಡಾಕ್ಕಿಂತ ಸಣ್ಣ ಏರಿಳಿತವನ್ನು ಬದಲಾವಣೆ ಎನ್ನುವಂತಿಲ್ಲ. ಎರಡು ಶೇಕಡಾ ಇಳಿದಿದೆ ಎಂದು ಅಳುತ್ತ ಬರುವ ತಾಯಂದಿರಿಗೆ ನಾನು ಈ ಲೆಕ್ಕವನ್ನೇ ಕಾಗದದ ಮೇಲೆ ಬರೆದು ತೋರಿಸುತ್ತೇನೆ. ಆರು ತಿಂಗಳ ಒಳಗೆ ಮತ್ತೆ ಅಳೆಸಬೇಡಿ. ಬೇರೆ ಕಂಪನಿಯ ಯಂತ್ರದ ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ಕಳೆದು ಕೂಡಿಸಬೇಡಿ. ಆದಷ್ಟು ಅದೇ ಯಂತ್ರಕ್ಕೆ ಬನ್ನಿ, ಬರಲಾಗದಿದ್ದರೆ ಹಳೆಯ ವರದಿಯ ಚಿತ್ರಸಹಿತ ಪ್ರತಿ ಇಟ್ಟುಕೊಳ್ಳಿ. ಪರೀಕ್ಷೆಯ ದಿನ ಬೆಳಿಗ್ಗೆ ಕ್ಯಾಲ್ಸಿಯಂ ಗುಳಿಗೆ ಬೇಡ, ಕರಗದೆ ಹೊಟ್ಟೆಯಲ್ಲಿ ಉಳಿದದ್ದು ಬೆನ್ನೆಲುಬಿನ ಮೇಲೆ ಬಿಳಿಯಾಗಿ ಕಾಣುತ್ತದೆ. ವಿಕಿರಣದ ಹೆದರಿಕೆ ಇರುವವರಿಗೆ: ಟೊಂಕದ ಒಂದು ಡೆಕ್ಸಾ ಎದೆಯ ಎಕ್ಸ್-ರೇಗಿಂತಲೂ ಕಡಿಮೆ.

ಕೊನೆಯದಾಗಿ ಗೋಷೆ ಕಾಯಿಲೆಯವರ ಮನೆಯವರಿಗೆ. ಸೊಂಟ ಅಥವಾ ತೊಡೆಯಲ್ಲಿ ತಟ್ಟನೆ ತಡೆಯಲಾರದ ನೋವು, ಜ್ವರ, ಕಾಲು ಊರಲಾಗದ ಸ್ಥಿತಿ ಬಂದರೆ ನನ್ನ ಕೋಣೆಗೆ ಬರಬೇಡಿ. ರಕ್ತ ಸಿಗದೆ ತೊಡೆಯೆಲುಬಿನ ತಲೆ ಸಾಯುತ್ತಿರಬಹುದು, ಅಥವಾ ಎಲುಬಿಗೆ ಸೋಂಕು ತಗುಲಿರಬಹುದು. ಎರಡೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ, ಎರಡನ್ನೂ ಡೆಕ್ಸಾ ತೋರಿಸದು. ಸತ್ತ ಭಾಗ ಕುಸಿದು ಒತ್ತಾಗಿದ್ದರೆ ಅಂಕಿ ಏರಿದಂತೆಯೇ ಕಂಡೀತು. ಆಗ ಬೇಕಾದದ್ದು ಎಂಆರ್‌ಐ, ಅದೂ ಕಾಯಿಲೆಯ ಹೆಸರನ್ನು ಮೊದಲೇ ಹೇಳಿ, ಆದಷ್ಟು ಬೇಗ. ಡೆಕ್ಸಾ ದಿನಾಂಕ ಮುಂದಕ್ಕೆ ಹೋದರೆ ಚಿಂತೆಯಿಲ್ಲ, ಫೋನ್ ಮಾಡಿದರೆ ಬೇರೆ ದಿನ ಬರೆದುಕೊಳ್ಳುತ್ತೇನೆ.